ಪ್ರತಿಕ್ರಿಯೆ: ಆಸ್ಪತ್ರೆಯ ಕಾವಲಿನಲ್ಲಿ ನಿದ್ದೆಗೆಟ್ಟವರಿಗೆ

ತಂದೆಯವರು ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ಎದೆ ಡವಗುಟ್ಟಿ ನಿದ್ದೆ ಹತ್ತುವುದಿಲ್ಲ, ಹಗಲು ಐದಾರು ಲೋಟ ಕಾಫಿಯಲ್ಲೇ ಕಳೆಯುತ್ತದೆ ಎಂದು ಬರೆದಿದ್ದೀರಿ. ಆತಂಕದಲ್ಲಿ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸಿ ದೇಹವನ್ನು ಓಟಕ್ಕೆ ಸಜ್ಜುಗೊಳಿಸುತ್ತವೆ. ತಾವಾದರೋ ವಾರ್ಡಿನ ಬೆಂಚಿನ ಮೇಲೆ ಕದಲದೆ ಕುಳಿತಿರುತ್ತೀರಿ. ಆದ್ದರಿಂದ ವರಾಂಡದಲ್ಲೇ ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುವುದರಿಂದ, ಮಧ್ಯಾಹ್ನದ ನಂತರ ಕಾಫಿಯ ಬದಲು ಮಜ್ಜಿಗೆಯೋ ಗಂಜಿಯೋ ಮೇಲು (ನನಗೂ ಇದು ಸುಲಭವಾಗಿರಲಿಲ್ಲ). ಮಲಗಿದಾಗ 4 ಎಣಿಸುವವರೆಗೆ ಉಸಿರೆಳೆದು, 6 ಎಣಿಸುತ್ತ ಬಿಡಿ. ಉಸಿರು ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಹಿಡಿತದಿಂದ ನಾಡಿ ನಿಧಾನವಾಗುವುದು ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ತಮಗೇ ತಿಳಿದೀತು. ಎದೆನೋವಿದ್ದರೆ ಮಾತ್ರ ತಡಮಾಡದೆ ಅಲ್ಲಿಯ ವೈದ್ಯರಿಗೇ ತೋರಿಸಿ. ನಡುರಾತ್ರಿ ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.