ಟೆಸ್ಟರ್ ಎರಡೂ ತೂತಲ್ಲಿ ಉರಿದರೆ ಜನರೇಟರ್ ಕೆಟ್ಟಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹಳೇ ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು ಮಂಚ, ಫ್ರಿಜ್ಜು, ಸಣ್ಣ ಅಡುಗೆಕಟ್ಟೆ ಹಾಕಿಸಿದ್ದೇವೆ. ಆರ್‌ಟಿಒ ಕೆಲಸವೂ ಮುಗಿದಿದೆ. 2 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡೆವು. ಗಾಡಿಯನ್ನು ಮನೆಯ ಕರೆಂಟಿಗೆ ಚುಚ್ಚಿದರೆ ಸಾಕೆಟ್ಟಿನ ಬಲಗಡೆ ತೂತಲ್ಲಿ ಮಾತ್ರ ಟೆಸ್ಟರ್ ಉರಿಯುತ್ತದೆ. ಜನರೇಟರ್ ಹಾಕಿದರೆ ಎರಡೂ ತೂತಲ್ಲಿ ಮಂಕಾಗಿ ಉರಿಯುತ್ತದೆ. ನಮ್ಮ ವೈರ್‌ಮನ್ ‘ಪೀಸೇ ಸರಿಯಿಲ್ಲ, ವಾಪಸ್ ಕೊಡಿ’ ಎನ್ನುತ್ತಾರೆ. ಅಂಗಡಿಯವರು ‘ನೆಲಕ್ಕೊಂದು ಸಲಾಕೆ ಹೊಡೀರಿ, ಸರಿಹೋಗುತ್ತೆ’ ಎನ್ನುತ್ತಾರೆ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಿನ (ಆರ್‌ಸಿಸಿಬಿ) ಟೆಸ್ಟ್ ಗುಂಡಿ ಒತ್ತಿದರೆ ಟಕ್ ಅಂತ ಬೀಳುತ್ತದೆ. ಹಾಗಾದರೆ ಭಯ ಇಲ್ಲ ಅಲ್ವಾ?
– ಸಾಗರದ ಓದುಗರು

ಉತ್ತರ: ಜನರೇಟರ್ ವಾಪಸ್ ಕೊಡಬೇಡಿ. ಅದು ಸರಿಯಾಗೇ ಇದೆ. ಆದರೆ ಭಯ ಇದೆ.

ಮನೆಗೆ ಬರುವ ಕರೆಂಟಿನಲ್ಲಿ ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಕಟ್ಟಿರುತ್ತಾರೆ. ಅದಕ್ಕೇ ನ್ಯೂಟ್ರಲ್ ತೂತಲ್ಲಿ ಟೆಸ್ಟರ್ ಉರಿಯುವುದಿಲ್ಲ. ನಿಮ್ಮ ಸಣ್ಣ ಜನರೇಟರಿನಲ್ಲಿ ಹಾಗೆ ಕಟ್ಟಿಲ್ಲ. ಎರಡು ತಂತಿ ಹೊರಗೆ ಬರುತ್ತವೆ, ಎರಡಕ್ಕೂ ಭೂಮಿಯ ಸಂಬಂಧ ಇಲ್ಲ. ಮೀಟರ್ ಹಿಡಿದು ನೋಡಿ. ಎರಡರ ನಡುವೆ 230 ವೋಲ್ಟ್ ತೋರಿಸುತ್ತದೆ, ಒಂದೊಂದರಿಂದ ಅರ್ಥಿಂಗಿಗೆ ಸುಮಾರು ಅದರ ಅರ್ಧ ತೋರಿಸುತ್ತದೆ. ಟೆಸ್ಟರ್ ಎರಡೂ ಕಡೆ ಮಂಕಾಗಿ ಉರಿಯೋದು ಇದಕ್ಕೇ. ನಾವು ಇದನ್ನು ಫ್ಲೋಟಿಂಗ್ ನ್ಯೂಟ್ರಲ್ ಅಂತೀವಿ.

ಒಂದೇ ಡ್ರಿಲ್ ಮಿಷನ್ ಓಡಿಸೋದಾದರೆ ಇದರಿಂದ ತೊಂದರೆ ಇಲ್ಲ. ಆದರೆ ನಿಮ್ಮದು ತಗಡಿನ ಗಾಡಿ. ಒಳಗೆ ಫ್ರಿಜ್ಜು, ಚಾರ್ಜರ್, ಮಿಕ್ಸಿ, ನಾಲ್ಕಾರು ಪಾಯಿಂಟು. ಒಂದು ಕಡೆ ವೈರು ತಗಡಿಗೆ ತಾಗಿತು ಅಂದುಕೊಳ್ಳಿ. ಏನೂ ಆಗುವುದಿಲ್ಲ, ಯಾವ ಸ್ವಿಚ್ಚೂ ಬೀಳುವುದಿಲ್ಲ, ನಿಮಗೆ ಗೊತ್ತೇ ಆಗುವುದಿಲ್ಲ. ಆಮೇಲೊಂದು ದಿನ ಇನ್ನೊಂದು ತಂತಿಯ ಇನ್ಸುಲೇಶನ್ ಎಲ್ಲೋ ಹರಿದು, ಅದರ ಮೇಲೆ ಯಾರದ್ದೋ ಕೈ ಬೀಳುತ್ತದೆ. ಮತ್ತೊಂದು ಕೈ ಗಾಡಿಯ ಬಾಡಿ ಮೇಲಿದ್ದರೆ ಅವರ ಎದೆಯ ಮೂಲಕ ಪೂರಾ 230 ವೋಲ್ಟ್ ಹರಿಯುತ್ತದೆ. ಹೋದ ಕರೆಂಟೆಲ್ಲ ಆರ್‌ಸಿಸಿಬಿಯ ಮೂಲಕವೇ ವಾಪಸ್ ಬಂದರೆ ಅದಕ್ಕೆ ಸೋರಿಕೆ ಗೊತ್ತಾಗುವುದಿಲ್ಲ, ಆಗಲೂ ಅದು ಸುಮ್ನೆ ಕೂತಿರಬಹುದು.

ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತಲ್ಲ ಅಂತ ನೀವು ಕೇಳಿದ್ದೀರಿ. ಬಹಳ ಜನ ಮೋಸ ಹೋಗೋದು ಇಲ್ಲೇ. ಆ ಗುಂಡಿ ಫೇಸಿನಿಂದ ನ್ಯೂಟ್ರಲ್ಲಿಗೆ, ಆರ್‌ಸಿಸಿಬಿಯ ಒಳಗೇ, ಸ್ವಲ್ಪ ಕರೆಂಟನ್ನು ಅಡ್ಡದಾರಿಯಲ್ಲಿ ಬಿಡುತ್ತದೆ. ಅದಕ್ಕೆ ಅರ್ಥಿಂಗ್ ಬೇಕಾಗಿಲ್ಲ. ಗುಂಡಿ ಒತ್ತಿದಾಗ ಬಿದ್ದರೆ ಒಳಗಿನ ಯಂತ್ರ ಸರಿಯಿದೆ ಅಂತಷ್ಟೇ ಅರ್ಥ. ನಿಮಗೆ ಶಾಕ್ ಹೊಡೆದಾಗ ಬೀಳುತ್ತದೆ ಅಂತಲ್ಲ.

ಸಲಾಕೆಯ ವಿಷಯ. ಕರೆಂಟು ಭೂಮಿಗೆ ಹೋಗಿ ಮುಗಿದುಹೋಗುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಅದು ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಬರಬೇಕು. ಜನರೇಟರಿನ ನ್ಯೂಟ್ರಲ್ ಅರ್ಥಿಂಗಿಗೆ ಸೇರಿಲ್ಲದಿದ್ದರೆ ಎಷ್ಟು ಉದ್ದದ ಸಲಾಕೆ ಹೊಡೆದರೂ ವಾಪಸ್ ಬರುವ ದಾರಿ ಇರುವುದಿಲ್ಲ.

ಹಾಗಾಗಿ ಆಗಬೇಕಾದ ಕೆಲಸ ಹೇಳುತ್ತೇನೆ. ಈ ಪುಟವನ್ನೇ ಲೈಸೆನ್ಸ್ ಇರುವ ವೈರ್‌ಮನ್‌ಗೆ ತೋರಿಸಿ ಮಾಡಿಸಿ. ಮೊದಲು ಜನರೇಟರ್ ಆಫ್ ಮಾಡಿ, ನ್ಯೂಟ್ರಲ್ ಮತ್ತು ಅರ್ಥ್ ಪಿನ್ ನಡುವೆ ಮೀಟರ್ ಬೀಪ್ ಅನ್ನುತ್ತಾ ನೋಡಲಿ. ಬೀಪ್ ಬಂದರೆ ಎರಡನ್ನೂ ಕಂಪನಿಯವರೇ ಸೇರಿಸಿ ಕಟ್ಟಿದ್ದಾರೆ, ಮತ್ತೆ ಕಟ್ಟಬಾರದು. ಮ್ಯಾನುಯಲ್ಲಿನಲ್ಲಿ ಕಟ್ಟಬೇಡಿ ಎಂದಿದ್ದರೂ ಕಟ್ಟಬಾರದು, ಕಂಪನಿಯ ಸರ್ವಿಸ್‌ನವರನ್ನೇ ಕೇಳಿ. ಇವೆರಡೂ ಇಲ್ಲದಿದ್ದರೆ ಗಾಡಿಗೆ ಜನರೇಟರ್ ಕೇಬಲ್ ಬರುವ ಡಬ್ಬಿಯಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗನ್ನು ಒಂದೇ ಒಂದು ಕಡೆ ಸೇರಿಸಬೇಕು. ಅರ್ಥಿಂಗ್ ತಂತಿ ಗಾಡಿಯ ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಆಗಿರಬೇಕು, ಬಣ್ಣ ಕೆರೆದು, ಲಗ್ ಹಾಕಿ. ಆ ಡಬ್ಬಿಯಿಂದ ಚೇಂಜ್‌ಓವರ್ ಸ್ವಿಚ್ಚು, ಅಂದರೆ ಹೊರಗಿನ ಕರೆಂಟು ಇಲ್ಲವೇ ಜನರೇಟರ್ ಆರಿಸುವ ಸ್ವಿಚ್ಚು. ಅದಾದ ಮೇಲೆ 30 ಮಿಲಿಆಂಪಿನ ಆರ್‌ಸಿಸಿಬಿ, ಆಮೇಲೆ ಲೋಡು ಜಾಸ್ತಿಯಾದರೆ ಬೀಳುವ ಎಂಸಿಬಿಗಳು. ಆರ್‌ಸಿಸಿಬಿ ದಾಟಿದ ಮೇಲೆ ನ್ಯೂಟ್ರಲ್ಲೂ ಅರ್ಥಿಂಗೂ ಎಲ್ಲೂ ಮುಟ್ಟಬಾರದು.

ಚೇಂಜ್‌ಓವರ್ ಎರಡು ಪೋಲಿನದ್ದೇ ಬೇಕು, ಫೇಸು ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು. ನಡುವೆ ಆಫ್ ಇರಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಫೇಸ್ ಮಾತ್ರ ಬದಲಿಸುವ ಸ್ವಿಚ್ಚು ಹಾಕಿ ನೀವು ಯಾವುದೋ ಹೋಂಸ್ಟೇ ಸಾಕೆಟ್ಟಿಗೆ ಚುಚ್ಚಿದಿರಿ, ಅಲ್ಲಿ ಫೇಸು ನ್ಯೂಟ್ರಲ್ ಅದಲುಬದಲಾಗಿದೆ ಅಂದುಕೊಳ್ಳಿ. ನೀವು ಡಬ್ಬಿಯಲ್ಲಿ ಸೇರಿಸಿದ ಆ ತುಂಡು ತಂತಿಯ ಮೂಲಕ ಇಡೀ ಗಾಡಿಯ ಬಾಡಿಗೆ ಫೇಸ್ ಬರುತ್ತದೆ. ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟುವವರು ಮಕ್ಕಳೇ ಆಗಿರಬಹುದು.

ಎಲ್ಲ ಆದಮೇಲೆ ನಿಜವಾದ ಪರೀಕ್ಷೆ ಮಾಡಿಸಿ. ಹಳೇ ಕಾಲದ 15 ವ್ಯಾಟಿನ ಜೀರೋ ಬಲ್ಬು, ತಂತಿ ಉರಿಯುವಂಥದ್ದು, ಎಲ್‌ಇಡಿ ಅಲ್ಲ. ವೈರ್‌ಮನ್ ಅದನ್ನು ಹೋಲ್ಡರಿಗೆ ಹಾಕಿ ಸಾಕೆಟ್ಟಿನ ಫೇಸಿಗೂ ಅರ್ಥಿಗೂ ಕೊಡಲಿ. ಅದು ಸುಮಾರು 65 ಮಿಲಿಆಂಪ್ ಎಳೆಯುತ್ತದೆ. ಬಲ್ಬು ಹತ್ತುವ ಮೊದಲೇ ಆರ್‌ಸಿಸಿಬಿ ಬೀಳಬೇಕು. ಬಲ್ಬು ಆರಾಮಾಗಿ ಉರಿಯುತ್ತಿದ್ದರೆ ಕೆಲಸ ಆಗಿಲ್ಲ.

ಇನ್ನೊಂದು ಮಾತು. ಹೋದ ವರ್ಷ ನನ್ನ ಶೆಡ್ಡಿಗೆ ಇಂಥದ್ದೇ ಒಂದು ಗಾಡಿ ಬಂದಿತ್ತು. ಸಿಲಿಂಡರ್ ಇಡುವ ಗೂಡಿನ ಹಿಂದೆ ತಗಡಿಗೆ ತೂತು ಕೊರೆದು, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ (ಗ್ರೊಮೆಟ್) ಹಾಕದೆ ವೈರು ತೂರಿಸಿದ್ದರು. ಮನೆಯ ಗೋಡೆಗೆ ಹಾಕೋ ಗಟ್ಟಿ ತಂತಿಯ ವೈರು. ಗಾಡಿ ಅಲ್ಲಾಡಿದ ಹಾಗೆಲ್ಲ ತಗಡಿನ ಅಂಚು ಅದನ್ನು ಗರಗಸದ ಹಾಗೆ ಕೊಯ್ದಿತ್ತು. ಕೆಂಪು ಪ್ಲಾಸ್ಟಿಕ್ಕಿನ ಒಳಗೆ ತಾಮ್ರ ಹೊಳೆಯುತ್ತಿತ್ತು, ಅದರಿಂದ ಒಂದು ಗೇಣು ದೂರಕ್ಕೆ ಗ್ಯಾಸಿನ ಪೈಪು. ನೋಡಿ ನನ್ನ ಕೈ ನಡುಗಿತು. ದಯವಿಟ್ಟು ಎಳೆಎಳೆಯಾದ ಫ್ಲೆಕ್ಸಿಬಲ್ ವೈರೇ ಹಾಕಿಸಿ. 16 ಆಂಪ್ ಪಾಯಿಂಟಿಗೆ 2.5 ಸ್ಕ್ವೇರ್ ಎಂಎಂ ಇರಲಿ. ತಗಡು ದಾಟುವ ಕಡೆಯೆಲ್ಲ ಗ್ರೊಮೆಟ್ ಇರಲಿ.

ಪ್ರಶ್ನೆ: ನಮ್ಮ ಕ್ಯಾಂಪರ್ ವ್ಯಾನಿನ ಡಿಕ್ಕಿಯಲ್ಲೇ ಪೆಟ್ಟಿಗೆ ಮಾಡಿ ಪೋರ್ಟಬಲ್ ಜನರೇಟರ್ ಕೂರಿಸಿ, ಹೊಗೆಗೆ ಪೈಪ್ ಹೊರಗೆ ಬಿಟ್ಟರೆ ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗಬಹುದಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಒಳಗೆ ಬಂದ ಕಾರ್ಬನ್ ಮೊನಾಕ್ಸೈಡ್ ಕಾರಣ ಎಂದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರ ಆಗುವುದಿಲ್ಲ. ಕಾರ್ಖಾನೆಯಲ್ಲೇ ಕ್ಯಾರವಾನಿಗೆ ಅಂತ ಮಾಡಿ ಕೂರಿಸುವ ಜನರೇಟರ್ ಬೇರೆ, ಕೈಯಲ್ಲಿ ಎತ್ತಿಕೊಂಡು ಹೋಗುವ ನಿಮ್ಮದು ಬೇರೆ. ನಿಮ್ಮದರ ಸೈಲೆನ್ಸರಿಗೆ ವೆಲ್ಡ್ ಮಾಡಿದ ಪೈಪು ಎಲ್ಲಿ ಸೀಳು ಬಿಟ್ಟರೂ ಹೊಗೆ ಸೀದಾ ಹಾಸಿಗೆಗೆ ಬರುತ್ತದೆ.

ಜನರೇಟರನ್ನು ಕೆಳಗಿಳಿಸಿ ಕನಿಷ್ಠ 20 ಅಡಿ ದೂರ ಇಡಿ, ಹೊಗೆ ಗಾಡಿಯ ಕಡೆಗೆ ತಿರುಗದ ಹಾಗೆ. 10 ಮೀಟರ್ ರಬ್ಬರ್ ಕೇಬಲ್ ಕೊಂಡುಕೊಳ್ಳಿ. ಸಂಜೆ ಎರಡು ಗಂಟೆ ಓಡಿಸಿ, ಬ್ಯಾಟರಿ ಚಾರ್ಜ್ ಮಾಡಿ, ಮಲಗುವ ಮೊದಲು ಆಫ್ ಮಾಡಿ. ರಾತ್ರಿ ಗಾಳಿ ತಿರುಗಿದ್ದು ನಿಮಗೆ ಗೊತ್ತಾಗುವುದಿಲ್ಲ. 30 ವ್ಯಾಟಿನ ಫ್ಯಾನು ಬ್ಯಾಟರಿಯಲ್ಲಿ ಬೆಳಗಿನ ತನಕ ತಿರುಗುತ್ತದೆ. ಬೆಟ್ಟದ ಮೇಲೆ ಜನರೇಟರಿನ ಶಕ್ತಿಯೂ ಕಮ್ಮಿ ಆಗುತ್ತದೆ, 1000 ಅಡಿಗೆ ಸುಮಾರು 3.5 ಪರ್ಸೆಂಟ್. ಊಟಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗಿರುತ್ತದೆ.

ಹಾಸಿಗೆ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ. ಅಂಗಡಿಯಲ್ಲಿ ಸುಮ್ನೆ ‘ಗ್ಯಾಸ್ ಡಿಟೆಕ್ಟರ್’ ಅಂತ ಕೇಳಿದರೆ ಅಡುಗೆ ಗ್ಯಾಸಿನದ್ದು ಕೊಡುತ್ತಾರೆ, ಅದು ಇದನ್ನು ಹಿಡಿಯುವುದಿಲ್ಲ. ಡಿಕ್ಕಿಯ ಪೆಟ್ಟಿಗೆ ಮಾಡಿಸಿ, ಅದು ಸಾಗಿಸಲಿಕ್ಕೆ ಮಾತ್ರ. ಜನರೇಟರ್ ಪೂರ್ತಿ ತಣ್ಣಗಾದ ಮೇಲೆ, ಪೆಟ್ರೋಲ್ ಕಾಕ್ ಮುಚ್ಚಿ ಒಳಗಿಡಿ. ಪೆಟ್ಟಿಗೆಯ ಗಾಳಿಕಿಂಡಿ ತಳದಲ್ಲಿ, ಹೊರಗಡೆಗೆ ಇರಲಿ. ಮಲಗುವ ಕಡೆಗೆ ಒಂದು ಸೀಳೂ ಬೇಡ.