ಓಟಿಪಿ ಕೊಡದಿದ್ದರೂ ಹಣ ಹೋಗುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾಯಿಗೆ ಎಪ್ಪತ್ತು ದಾಟಿದೆ. ಅವರಿಗೆ ಎಟಿಎಂ ಕಾರ್ಡ್ ಇಲ್ಲ, ಇರುವುದು ಬಟನ್ ಫೋನು. ಆದರೂ ಅವರ ಉಳಿತಾಯ ಖಾತೆಯಿಂದ ಒಂದೇ ದಿನ ಎರಡು ಸಲ ತಲಾ 10,000 ರೂಪಾಯಿ ಹೋಗಿದೆ. ಪಾಸ್‌ಬುಕ್ಕಿನಲ್ಲಿ ‘ಎಇಪಿಎಸ್’ ಎಂದಿದೆ. ‘ನಿಮ್ಮ ತಾಯಿಯ ಹೆಬ್ಬೆಟ್ಟಿನಿಂದಲೇ ಹಣ ತೆಗೆಯಲಾಗಿದೆ, ನಾವೇನೂ ಮಾಡುವಂತಿಲ್ಲ’ ಎನ್ನುತ್ತಾರೆ ಬ್ಯಾಂಕಿನವರು. ಪಡಿತರ ಅಂಗಡಿ ಮತ್ತು ಕೆಲವು ವರ್ಷಗಳ ಹಿಂದೆ ವಿಭಾಗಪತ್ರಕ್ಕಾಗಿ ಹೋದ ಉಪನೋಂದಣಾಧಿಕಾರಿ ಕಚೇರಿ ಬಿಟ್ಟರೆ ಅವರು ಎಲ್ಲಿಯೂ ಹೆಬ್ಬೆಟ್ಟು ಒತ್ತಿಲ್ಲ. (ಹಾಸನ ಜಿಲ್ಲೆಯ ಓದುಗರು)

ಉತ್ತರ: ಎಇಪಿಎಸ್ ಎಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕ್ ಶಾಖೆ ಇಲ್ಲದ ಊರುಗಳಲ್ಲಿ ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ವ್ಯವಹರಿಸುವ ಏಜೆಂಟರ) ಮೈಕ್ರೋ ಎಟಿಎಂ ಎಂಬ ಪುಟ್ಟ ಯಂತ್ರದ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಲೆಂದು ಇದನ್ನು ರೂಪಿಸಲಾಯಿತು. ಇದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು, ಈ ಮೂರು ಸಾಕು. ಓಟಿಪಿಯೂ ಬೇಡ, ಪಿನ್ನೂ ಬೇಡ. ಹಾಗಾಗಿ ‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಿದವರ ಹಣವೂ ಈ ದಾರಿಯಲ್ಲಿ ಹೋಗಬಹುದು. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಪ್ರಕರಣವೊಂದರಲ್ಲಿ, ಆರೋಪಿಗಳು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದೊರೆಯುತ್ತಿದ್ದ ಆಸ್ತಿಪತ್ರಗಳ ಪ್ರತಿಗಳಿಂದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ತೆಗೆದು, ಅಚ್ಚಿನ ನಕಲು ತಯಾರಿಸಿ ಹಣ ಪಡೆಯುತ್ತಿದ್ದರು ಎಂಬುದು ಹೊರಬಂದಿತು. ಆನಂತರ ಇಂಥ ವಿವರಗಳನ್ನು ಮರೆಮಾಚುವ ಕ್ರಮ ಕೈಗೊಳ್ಳಲಾಯಿತು. ನಿಮ್ಮ ತಾಯಿಯ ಪ್ರಕರಣದಲ್ಲಿ ಬೆರಳಚ್ಚು ಎಲ್ಲಿಂದ ಸೋರಿತೆಂದು ಇಲ್ಲಿ ಕುಳಿತು ಹೇಳಲಾಗದು. ಆದರೆ ಆ ವಿಭಾಗಪತ್ರದ ಸಂಗತಿಯನ್ನು ದೂರಿನಲ್ಲಿ ತಪ್ಪದೆ ಬರೆಯಿರಿ.

‘ನಾವೇನೂ ಮಾಡುವಂತಿಲ್ಲ’ ಎಂಬ ಮಾತನ್ನು ನೀವು ಒಪ್ಪಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಅನುಮತಿಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂಬಂಥ ಪ್ರಕರಣಗಳಲ್ಲಿ, ಬ್ಯಾಂಕಿನ ಸಂದೇಶ ತಲುಪಿದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರು ಒಂದು ರೂಪಾಯಿಯನ್ನೂ ಕಳೆದುಕೊಳ್ಳುವಂತಿಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳಾದರೆ ಪ್ರತಿ ವಹಿವಾಟಿಗೂ ಒಂದು ಮಿತಿಯವರೆಗೆ ನಷ್ಟ ಗ್ರಾಹಕರದು: ಜನಧನದಂಥ ಮೂಲ ಉಳಿತಾಯ ಖಾತೆಗೆ 5,000, ಇತರ ಉಳಿತಾಯ ಖಾತೆಗೆ 10,000 ರೂಪಾಯಿ. ಎಇಪಿಎಸ್‌ನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ತೆಗೆಯಬಹುದಾದದ್ದೂ 10,000ವೇ. ಅಂದರೆ ಸಾಧಾರಣ ಉಳಿತಾಯ ಖಾತೆಯವರು ನಾಲ್ಕನೆಯ ದಿನ ದೂರು ಕೊಟ್ಟರೆ ಇಡೀ ಮೊತ್ತವನ್ನೇ ಕಳೆದುಕೊಳ್ಳುವ ಸಂಭವವುಂಟು. ಏಳು ದಿನ ದಾಟಿದ ಮೇಲೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯೇ ಗತಿ. ಬಟನ್ ಫೋನಿನ ಸಂದೇಶವನ್ನು ಯಾರೂ ಓದದ ಮನೆಗಳಲ್ಲಿ ಈ ದಿನಗಳು ಸದ್ದಿಲ್ಲದೆ ಉರುಳುತ್ತವೆ ಎಂಬುದನ್ನು ನಿಯಮ ಬರೆದವರು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ತಾಯಿಯ ಖಾತೆಗೆ ನಿಮ್ಮ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿ.

ಈಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರಿನ ಸ್ವೀಕೃತಿ ಸಂಖ್ಯೆ ಪಡೆಯಿರಿ; ಅನಂತರ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಉಳಿಯುವುದಿಲ್ಲ, ಆದ್ದರಿಂದ ಲಿಖಿತ ದೂರು ಕೊಟ್ಟು ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು ಮತ್ತು 90 ದಿನಗಳಲ್ಲಿ ಪ್ರಕರಣವನ್ನು ಇತ್ಯರ್ಥಪಡಿಸಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇನ್ನು ಮುಂದಿನ ರಕ್ಷಣೆಯ ಮಾತು. ಪಿನ್ ಸೋರಿದರೆ ಬದಲಿಸಿಕೊಳ್ಳಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಆದ್ದರಿಂದ ಎಂ-ಆಧಾರ್ ಆ್ಯಪ್‌ನಲ್ಲಾಗಲಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಬಯೋಮೆಟ್ರಿಕ್ ಲಾಕ್ ಹಾಕಿಬಿಡಿ. ಲಾಕ್ ಇರುವಷ್ಟು ಕಾಲ ಪಡಿತರ ಅಂಗಡಿಯ ಯಂತ್ರವೂ ಬೆರಳಚ್ಚನ್ನು ಒಪ್ಪುವುದಿಲ್ಲ. ಪ್ರತಿ ತಿಂಗಳು ತಾತ್ಕಾಲಿಕವಾಗಿ ತೆರೆದುಕೊಡುವ ಕೆಲಸ ಮನೆಯ ಯಾರಾದರೊಬ್ಬರ ಪಾಲಿಗೆ ಬರುತ್ತದೆ. ಅದು ಕಿರಿಕಿರಿಯೇ ಹೌದು. ಆದರೆ ಗೃಹಲಕ್ಷ್ಮಿ ಅಥವಾ ಪಿಂಚಣಿಯ ಹಣ ಖಾತೆಗೆ ಜಮಾ ಆಗುವುದಕ್ಕೆ ಲಾಕ್ ಅಡ್ಡಿಯಲ್ಲ. ಲಾಕ್ ಬೇಡವೆನಿಸಿದರೆ, ಖಾತೆಯಿಂದ ಎಇಪಿಎಸ್ ಮೂಲಕ ಹಣ ತೆಗೆಯುವುದನ್ನೇ ನಿಲ್ಲಿಸಬೇಕೆಂದು ಬ್ಯಾಂಕಿಗೆ ಬರೆದುಕೊಡಿ. ಅನೇಕ ಬ್ಯಾಂಕುಗಳಲ್ಲಿ ಈ ಅವಕಾಶವಿದೆ.

ಪ್ರಶ್ನೆ: ಗೃಹಸಾಲಕ್ಕೆ ಅರ್ಜಿ ಹಾಕಿದಾಗ, ನನ್ನ ಹೆಸರಿನಲ್ಲಿ ಆ್ಯಪ್ ಮೂಲಕ ಪಡೆದ ಸಾಲವೊಂದು ಬಾಕಿಯಿದೆ ಎಂದು ತಿಳಿಯಿತು. ನಾನು ಅಂಥ ಸಾಲ ಪಡೆದೇ ಇಲ್ಲ. ಪ್ಯಾನ್ ಮತ್ತು ಆಧಾರ್ ಜೆರಾಕ್ಸ್ ಪ್ರತಿಗಳನ್ನು ಹಲವೆಡೆ ಕೊಟ್ಟದ್ದು ನಿಜ. (ಶಿಕ್ಷಕರು, ಧಾರವಾಡ)

ಉತ್ತರ: ನಮ್ಮಲ್ಲಿ ಸಾಲದ ಚರಿತ್ರೆಯನ್ನು ದಾಖಲಿಸುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪ್ರತಿ ಕಂಪನಿಯೂ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿ ನೋಡಿ, ಏಕೆಂದರೆ ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಇರಬಹುದು. ಸುಳ್ಳು ಸಾಲವಿರುವ ವರದಿಯ ಕುರಿತು ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಆಕ್ಷೇಪಣೆ ಸಲ್ಲಿಸಿ, ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿ, ಸಾಲದ ಹಣ ಯಾವ ಖಾತೆಗೆ ಹೋಯಿತೆಂದು ಲಿಖಿತವಾಗಿ ಕೇಳಿ. ಹಣ ನಿಮ್ಮ ಖಾತೆಗೆ ಬಂದಿಲ್ಲ ಎಂಬುದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಸಿಗುವುದು ಕಷ್ಟ. ಆಕ್ಷೇಪಣೆ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಇನ್ನು ಮುಂದೆ ಆಧಾರ್ ಕೇಳಿದಲ್ಲಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ಯಾನ್ ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಅಡ್ಡಲಾಗಿ ಬರೆಯಿರಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಕಾರ್ಡುಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಿ, ನಿಮ್ಮದಲ್ಲದ ಸಂಖ್ಯೆಯನ್ನು ಅಲ್ಲಿಯೇ ವರದಿ ಮಾಡಿ.

ಪ್ರಶ್ನೆ: ಸಿಬಿಐ ಅಧಿಕಾರಿಯೆಂದು ಹೇಳಿಕೊಂಡವರು ವಿಡಿಯೊ ಕರೆಯಲ್ಲಿ ನನ್ನನ್ನು ‘ಡಿಜಿಟಲ್ ಅರೆಸ್ಟ್’ ಮಾಡಿರುವುದಾಗಿ ಬೆದರಿಸಿದರು. ಕರೆ ಕಡಿತಗೊಳಿಸಿದೆ. ಇದರಿಂದ ತೊಂದರೆಯಾದೀತೇ? (ನಿವೃತ್ತರು, ಮೈಸೂರು)

ಉತ್ತರ: ಆಗದು. ನೀವು ಮಾಡಿದ್ದು ಸರಿ. ಭಾರತದ ಯಾವ ಕಾನೂನಿನಲ್ಲಿಯೂ ಡಿಜಿಟಲ್ ಬಂಧನವೆಂಬುದಿಲ್ಲ, ತನಿಖೆಗಾಗಿ ಹಣವನ್ನು ‘ಪರಿಶೀಲನಾ ಖಾತೆ’ಗೆ ಹಾಕಿಸಿಕೊಳ್ಳುವ ಪದ್ಧತಿಯೂ ಇಲ್ಲ. ಆ ಸಂಖ್ಯೆಯನ್ನು ಸಂಚಾರ್ ಸಾಥಿಯ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ.

ಪ್ರಶ್ನೆ: 1930ಕ್ಕೆ ದೂರು ಕೊಟ್ಟು ಕೆಲ ದಿನಗಳಾದ ಮೇಲೆ ಒಬ್ಬರು ಕರೆ ಮಾಡಿ, ನನ್ನ ಹಣ ತಡೆಹಿಡಿದ ಖಾತೆಯಲ್ಲಿದೆ, ಶುಲ್ಕ ಕಟ್ಟಿದರೆ ಬಿಡಿಸಿಕೊಡುತ್ತೇವೆ ಎಂದರು. ಕಟ್ಟಬಹುದೇ? (ಓದುಗರು, ಬಳ್ಳಾರಿ)

ಉತ್ತರ: ಕಟ್ಟಬೇಡಿ. ಒಮ್ಮೆ ಮೋಸ ಹೋದವರ ವಿವರಗಳನ್ನು ಹಿಡಿದು ಮತ್ತೆ ಅವರನ್ನೇ ಗುರಿಮಾಡುವುದು ಈ ದಂಧೆಯ ಇನ್ನೊಂದು ಶಾಖೆ. ತಡೆಹಿಡಿದ ಹಣ ಸಾಮಾನ್ಯವಾಗಿ ನ್ಯಾಯಾಲಯದ ಆದೇಶದ ಮೂಲಕ ಹಿಂದಿರುಗುತ್ತದೆ. ನಿಮ್ಮ ಸ್ವೀಕೃತಿ ಸಂಖ್ಯೆಯೊಂದಿಗೆ ಠಾಣೆಗೆ ಹೋಗಿ, ಎಷ್ಟು ಮೊತ್ತ ಯಾವ ಬ್ಯಾಂಕಿನಲ್ಲಿ ತಡೆಯಲ್ಲಿದೆ ಎಂದು ತನಿಖಾಧಿಕಾರಿಯನ್ನೇ ಕೇಳಿ, ಅರ್ಜಿ ಸಲ್ಲಿಸಿ. ಈಗ ಬಂದ ಕರೆಯ ಸಂಖ್ಯೆಯನ್ನೂ ಅದೇ ದೂರಿಗೆ ಸೇರಿಸಲು ಅವರಿಗೆ ಬರೆದುಕೊಡಿ.