ಜಿಪಿಎ 2.9 ಇದ್ದರೆ ಅಮೆರಿಕದಲ್ಲಿ ನರ್ಸ್ ಅನಸ್ತೇಷಿಯಾ ಓದಲು ಸೀಟು ಸಿಗುತ್ತದೆಯೇ?

ನೀವು ಕೊಟ್ಟಿರುವ ವಿವರ ಇಷ್ಟು: ಅಮೆರಿಕದಲ್ಲೇ ಬಿಎಸ್‌ಎನ್ (ನರ್ಸಿಂಗ್ ಪದವಿ) ಮುಗಿದಿದೆ, 120 ಕ್ರೆಡಿಟ್, ಜಿಪಿಎ (4ರ ಅಳತೆಯಲ್ಲಿ ಗ್ರೇಡುಗಳ ಸರಾಸರಿ) 2.9, ಕೆಮಿಸ್ಟ್ರಿಯಲ್ಲಿ ಸಿ, ಐಸಿಯುನಲ್ಲಿ ಎರಡು ವರ್ಷದ ಕೆಲಸ. ಸಿಆರ್‌ಎನ್‌ಎ, ಅಂದರೆ ಅನಸ್ತೇಷಿಯಾ ಕೊಡುವ ನರ್ಸ್, ಆಗುವ ಆಸೆ ಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬಿಡಬೇಡಿ. ಆದರೆ ಈ ಅಂಕಪಟ್ಟಿ ಹಿಡಿದು ಈ ವರ್ಷವೇ ಹತ್ತು ಕಡೆ ಅರ್ಜಿ ಹಾಕಿ ದುಡ್ಡು ಕಳೆದುಕೊಳ್ಳಬೇಡಿ.

ಬಹುತೇಕ ಕಾಲೇಜುಗಳು ಕೇಳುವ ಕನಿಷ್ಠ ಜಿಪಿಎ 3.0. ಅದು ಬಾಗಿಲು ದಾಟಲು ಮಾತ್ರ. ಸೀಟು ಸಿಗುವವರ ಜಿಪಿಎ ಸಾಮಾನ್ಯವಾಗಿ 3.5ರ ಆಸುಪಾಸಿನಲ್ಲಿ ಇರುತ್ತದೆ. ಇಷ್ಟು ಬಿಗಿ ಯಾಕೆಂದರೆ, 2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಓದಬೇಕು. ಮೂರು ವರ್ಷದ ಓದು, ನಡುವೆ ಕೆಲಸ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ, ಎಷ್ಟೋ ಕಡೆ ಒಂದು ವಿಷಯದಲ್ಲಿ ಬಿ ಗ್ರೇಡಿಗಿಂತ ಕೆಳಗಿಳಿದರೂ ಮುಂದುವರಿಯುವುದು ಕಷ್ಟ. ನೀವು ಅರ್ಧಕ್ಕೆ ಬಿಟ್ಟರೆ ಆ ಸೀಟು ಖಾಲಿಯೇ ಉಳಿಯುತ್ತದೆ, ಹಾಗಾಗಿ ಸಮಿತಿಯವರು ಹಳೆಯ ಗ್ರೇಡುಗಳನ್ನು ಅಷ್ಟು ಕೆದಕುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. 120 ಕ್ರೆಡಿಟ್‌ಗೆ 2.9 ಅಂದರೆ ನಿಮ್ಮ ಖಾತೆಯಲ್ಲಿ 348 ಪಾಯಿಂಟ್ ಇದೆ. ಇನ್ನು 12 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ (ಕ್ರೆಡಿಟ್‌ಗೆ 4 ಪಾಯಿಂಟ್) ತಂದರೆ 48 ಸೇರುತ್ತದೆ. 396ನ್ನು 132ರಿಂದ ಭಾಗಿಸಿದರೆ ಸರಿಯಾಗಿ 3.0. ಅದೇ 3.2 ಬೇಕೆಂದರೆ 45 ಕ್ರೆಡಿಟ್, ಅಷ್ಟರಲ್ಲೂ ಎ ಬರಬೇಕು. ಸರಾಸರಿಯ ಬೆನ್ನು ಹತ್ತಿದರೆ ವರ್ಷಗಳೇ ಹೋಗುತ್ತವೆ. 3.0 ಗೆರೆ ದಾಟುವಷ್ಟು ಮಾಡಿ, ಮಿಕ್ಕ ಶಕ್ತಿಯನ್ನೆಲ್ಲ ಸೈನ್ಸ್ ಗ್ರೇಡಿಗೆ ಹಾಕಿ. ಎಷ್ಟೋ ಕಾಲೇಜುಗಳು ಸೈನ್ಸ್ ಜಿಪಿಎಯನ್ನು ಬೇರೆಯಾಗಿ ನೋಡುತ್ತವೆ, ಕೆಲವು ಕೊನೆಯ 60 ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ನಿಮ್ಮಂಥವರಿಗೆ ಆ ಎರಡನೆಯ ಬಗೆಯ ಕಾಲೇಜುಗಳೇ ಅನುಕೂಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಸಿ ಬಂದ ಕೆಮಿಸ್ಟ್ರಿಯನ್ನು ಮತ್ತೆ ಓದಿ ಎ ತಂದರೆ ಹಳೆಯ ಸಿ ಅಳಿಸಿಹೋಗುತ್ತದೆ ಅಂದುಕೊಳ್ಳುತ್ತಾರೆ. ನಿಮ್ಮ ಕಾಲೇಜು ಅಳಿಸಿದರೂ ನರ್ಸಿಂಗ್‌ಕ್ಯಾಸ್ (ಹಲವು ಕಾಲೇಜುಗಳಿಗೆ ಒಟ್ಟಾಗಿ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಅಳಿಸುವುದಿಲ್ಲ, ಎರಡೂ ಗ್ರೇಡು ಸರಾಸರಿಗೆ ಸೇರುತ್ತವೆ. ಹಾಗೆಯೇ ಬಿ ಮೈನಸ್ ಅಂದರೆ 2.7, ‘ಕನಿಷ್ಠ ಬಿ’ ಎಂದು ಬರೆದಿರುವ ಕಡೆ ಅದನ್ನು ಬಿ ಎಂದು ಒಪ್ಪದೇ ಇರಬಹುದು. ಎ ಸುಲಭವಾಗಿ ಸಿಗುತ್ತದೆ ಎಂದು ಸಂಬಂಧವಿಲ್ಲದ ವಿಷಯ ಆರಿಸಿಕೊಳ್ಳುವುದೂ ವ್ಯರ್ಥ. ಲ್ಯಾಬ್ ಇರುವ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಅಥವಾ ಆರ್ಗ್ಯಾನಿಕ್, ಸ್ಟ್ಯಾಟಿಸ್ಟಿಕ್ಸ್, ಜೊತೆಗೆ ಸ್ನಾತಕೋತ್ತರ ಮಟ್ಟದ ಪ್ಯಾಥೊಫಿಸಿಯಾಲಜಿ ಅಥವಾ ಫಾರ್ಮಕಾಲಜಿ, ಇವುಗಳಿಗೆ ನಿಜವಾದ ತೂಕವಿದೆ.

ಕೆಮಿಸ್ಟ್ರಿ, ಫಿಸಿಕ್ಸ್‌ಗೆ ಯಾಕಿಷ್ಟು ಮಹತ್ವ? ಅನಸ್ತೇಷಿಯಾ ಮೆಷಿನ್ ಹಿಂದೆ ನೇತಾಡುವ ಚಿಕ್ಕ ಇ-ಸಿಲಿಂಡರ್ ನೋಡಿ. ಆಕ್ಸಿಜನ್ ತುಂಬಿದ್ದಾಗ ಒತ್ತಡ ಸುಮಾರು 2000 ಪಿಎಸ್‌ಐ, ಒಳಗಿರುವ ಅನಿಲ 660 ಲೀಟರ್. ಒತ್ತಡ ತೋರಿಸುವ ಮುಳ್ಳು 1000ಕ್ಕೆ ಇಳಿದರೆ ಉಳಿದದ್ದು 330 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ 66 ನಿಮಿಷ. ಪಕ್ಕದ ನೈಟ್ರಸ್ ಆಕ್ಸೈಡ್ ಸಿಲಿಂಡರಿಗೆ ಈ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಒಳಗಿರುವುದು ದ್ರವ, ಅದು ಪೂರ್ತಿ ಆವಿಯಾಗುವ ತನಕ ಮುಳ್ಳು ಸುಮಾರು 745ರಲ್ಲೇ ನಿಂತಿರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನೇ ತೂಗಬೇಕು. ಆ ಕೋರ್ಸಿನಲ್ಲಿ ದಿನವೂ ಎದುರಾಗುವುದು ಇಂಥ ವಿಷಯ.

ಐಸಿಯು ಅನುಭವ ಕನಿಷ್ಠ ಒಂದು ವರ್ಷ ಬೇಕು, ನಿಮಗದು ಇದೆ. ವೆಂಟಿಲೇಟರ್, ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕುವ ನಳಿಕೆ), ಪ್ರೆಸರ್ ಡ್ರಿಪ್ (ರಕ್ತದೊತ್ತಡ ಏರಿಸುವ ಔಷಧಿಯ ಡ್ರಿಪ್) ನೋಡಿಕೊಂಡಿದ್ದರೆ ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಿಸಿಆರ್‌ಎನ್ (ತೀವ್ರ ನಿಗಾ ನರ್ಸುಗಳಿಗೆ ಪ್ರಮಾಣಪತ್ರ ಕೊಡುವ) ಪರೀಕ್ಷೆ ಪಾಸು ಮಾಡಿಕೊಳ್ಳಿ, ಕಡಿಮೆ ಜಿಪಿಎ ಇರುವವರಿಗೆ ಅದು ದೊಡ್ಡ ಆಸರೆ.

ಇದನ್ನು ಓದುತ್ತಿರುವ, ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಒಂದು ಮಾತು: ನಿಮ್ಮ ಶೇಕಡಾವಾರು ಅಂಕವನ್ನು ನೀವೇ 4ರ ಅಳತೆಗೆ ಇಳಿಸಿ ಹೆದರಬೇಡಿ. ನಮ್ಮ ಶೇ. 65 ಫಸ್ಟ್ ಕ್ಲಾಸ್, ಅಮೆರಿಕದ ಶೇ. 65 ಡಿ ಗ್ರೇಡು. ವಿದೇಶಿ ಅಂಕಪಟ್ಟಿಗಳನ್ನು ಅಳೆಯುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಿ, ಆ ವರದಿಯಲ್ಲಿ ಬಂದ ಜಿಪಿಎ ನೋಡಿಯೇ ತೀರ್ಮಾನಿಸಿ. ಬಿಎಸ್ಸಿ ಅನಸ್ತೇಷಿಯಾ ಟೆಕ್ನಾಲಜಿ ಓದಿದವರಿಗೆ ಈ ದಾರಿಯಿಲ್ಲ. ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕೇ ಬೇಕು.

ನಿಮ್ಮ ವಿಷಯಕ್ಕೆ ಮರಳಿದರೆ, ಯಾವ ಕೋರ್ಸಿಗೂ ಫೀಸು ಕಟ್ಟುವ ಮುಂಚೆ ನಾಲ್ಕೈದು ಕಾಲೇಜುಗಳ ಅಡ್ಮಿಷನ್ ಕಚೇರಿಗೆ ಇಮೇಲ್ ಮಾಡಿ. ಯಾವ ಜಿಪಿಎ ನೋಡುತ್ತೀರಿ, ಸೈನ್ಸ್ ಕೋರ್ಸ್ ಎಷ್ಟು ವರ್ಷ ಹಳೆಯದಿದ್ದರೆ ನಡೆಯುತ್ತದೆ, ಆನ್‌ಲೈನ್ ಲ್ಯಾಬ್ ಒಪ್ಪುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. ಕೋರ್ಸು ಮುಗಿದು ಗ್ರೇಡು ಅಂಕಪಟ್ಟಿಗೆ ಏರಿದ ಮೇಲೆಯೇ ಅರ್ಜಿ ಸಲ್ಲಿಸಿ. ‘ಓದುತ್ತಿದ್ದೇನೆ’ ಎಂದು ತೋರಿಸಿದ ಕೋರ್ಸು ನಿಮ್ಮ 2.9ನ್ನು ಒಂದಿಷ್ಟೂ ಮೇಲೆತ್ತುವುದಿಲ್ಲ.